ವಿಪಿಎನ್ ನಂಬೋದು ಹೇಗೆ? ಪ್ರಾಮಾಣಿಕರನ್ನು ಓಡಿಸಿದ ಮೇಲೆ ಉಳಿದ ಪ್ರಶ್ನೆ

'ಯಾವ ವಿಪಿಎನ್ ಒಳ್ಳೇದು, ಒಂದು ಹೆಸರು ಹೇಳಿ' ಎಂಬ ಮೆಸೇಜ್ ನನಗೆ ಆಗಾಗ ಬರುತ್ತಿರುತ್ತದೆ. ಕೇಳುವವರು ವಿದ್ಯಾರ್ಥಿ ಸಂಘಟನೆಗಳ ಹುಡುಗ-ಹುಡುಗಿಯರು, ಆರ್‌ಟಿಐ ಅರ್ಜಿ ಹಾಕಿಕೊಂಡು ತಾಲೂಕು ಕಚೇರಿ ಸುತ್ತುವವರು, ಸಣ್ಣ ಊರುಗಳಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವವರು. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು, ಇವನಿಗೆ ಗೊತ್ತಿರುತ್ತೆ ಎಂಬ ನಂಬಿಕೆ ಅವರದ್ದು.

ಹೆಸರು ಹೇಳೋದು ಕಷ್ಟವಲ್ಲ. ಆದರೆ ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಕೂತಿದೆ: ನನ್ನ ಗುಟ್ಟನ್ನು ಯಾರ ಕೈಗೆ ಕೊಡಬೇಕು, ಯಾವ ಆಧಾರದ ಮೇಲೆ? ಈ ಎರಡನೇ ಪ್ರಶ್ನೆಗೆ ಉತ್ತರ ಹುಡುಕದೆ ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಅದು ಜಾಹೀರಾತು ಆಗುತ್ತೆ, ಸಲಹೆ ಆಗಲ್ಲ. ಭಾರತದಲ್ಲಂತೂ ಈ ಆಯ್ಕೆಯನ್ನು ಇನ್ನಷ್ಟು ಕಠಿಣ ಮಾಡಿರುವುದು ನಮ್ಮದೇ ಸರ್ಕಾರದ ಒಂದು ಆದೇಶ. ಹಾಗಾಗಿ ಇದು ಬರೀ ಟೆಕ್ನಾಲಜಿ ವಿಷಯವಲ್ಲ, ರಾಜಕೀಯದ ವಿಷಯವೂ ಹೌದು.

ವಿಪಿಎನ್ ಏನು ಮಾಡುತ್ತೆ, ಏನು ಮಾಡಲ್ಲ

ಮೊದಲು ಸರಳವಾಗಿ ಅರ್ಥ ಮಾಡಿಕೊಳ್ಳೋಣ. ನೀವು ಮೊಬೈಲ್‌ನಲ್ಲಿ ಒಂದು ವೆಬ್‌ಸೈಟ್ ತೆರೆದರೆ ಆ ಕೋರಿಕೆ ಜಿಯೋ, ಏರ್‌ಟೆಲ್ ಅಥವಾ ಬಿಎಸ್‌ಎನ್‌ಎಲ್ ಮೂಲಕ ಹೋಗುತ್ತದೆ. ಇದನ್ನು ಅಂಚೆಗೆ ಹೋಲಿಸಬಹುದು. ಇವತ್ತು ಬಹುತೇಕ ಸೈಟ್‌ಗಳು ಎಚ್‌ಟಿಟಿಪಿಎಸ್ ಬಳಸುವುದರಿಂದ ಲಕೋಟೆಯ ಒಳಗಿನ ಪತ್ರ ನಿಮ್ಮ ಇಂಟರ್ನೆಟ್ ಕಂಪನಿಗೆ ಕಾಣಲ್ಲ. ಆದರೆ ಲಕೋಟೆಯ ಮೇಲಿನ ವಿಳಾಸ ಕಾಣುತ್ತದೆ. ಯಾವ ಸೈಟಿಗೆ ಹೋದಿರಿ, ಎಷ್ಟು ಗಂಟೆಗೆ ಹೋದಿರಿ, ಎಷ್ಟು ಹೊತ್ತು ಇದ್ದಿರಿ ಎಂಬುದು ಅವರಿಗೆ ಗೊತ್ತಾಗುತ್ತದೆ.

ವಿಪಿಎನ್ ಹಾಕಿದಾಗ ನಿಮ್ಮ ಎಲ್ಲ ಲಕೋಟೆಗಳೂ ಬೀಗ ಹಾಕಿದ ಒಂದೇ ಚೀಲದಲ್ಲಿ ವಿಪಿಎನ್ ಕಂಪನಿಯ ಸರ್ವರ್‌ಗೆ ಹೋಗುತ್ತವೆ. ಇಂಟರ್ನೆಟ್ ಕಂಪನಿಗೆ ಚೀಲ ಮಾತ್ರ ಕಾಣುತ್ತದೆ. ಅತ್ತ ವಿಪಿಎನ್ ಕಂಪನಿ ಚೀಲ ಬಿಚ್ಚಿ, ಒಂದೊಂದೇ ಲಕೋಟೆಯನ್ನು ತನ್ನ ವಿಳಾಸದಿಂದ ಕಳಿಸುತ್ತದೆ. ಸೈಟಿನವರಿಗೆ ಕಾಣೋದು ವಿಪಿಎನ್ ವಿಳಾಸವೇ ಹೊರತು ನಿಮ್ಮದಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಲಕೋಟೆಯ ಮೇಲಿನ ವಿಳಾಸ ಮಾಯವಾಗಲಿಲ್ಲ. ಅದನ್ನು ಓದುವವರು ಬದಲಾದರು, ಅಷ್ಟೇ. ಮೊದಲು ಜಿಯೋ ಓದಬಹುದಿತ್ತು, ಈಗ ವಿಪಿಎನ್ ಕಂಪನಿ ಓದಬಹುದು. ವಿಪಿಎನ್ ಅಂದರೆ ನಂಬಿಕೆಯ ವರ್ಗಾವಣೆ. ಯಾರನ್ನೂ ನಂಬಬೇಕಾಗಿಲ್ಲ ಎಂಬ ಸ್ಥಿತಿಯನ್ನು ಅದು ತಂದುಕೊಡಲ್ಲ.

ವಿಪಿಎನ್ ಮುಟ್ಟಲಾಗದ ಜಾಗಗಳೂ ಇವೆ. ನೀವು ಗೂಗಲ್‌ಗೆ ಲಾಗಿನ್ ಆಗಿಯೇ ಹುಡುಕಾಡುತ್ತಿದ್ದರೆ, ವಿಪಿಎನ್ ಇದ್ದರೂ ನೀವ್ಯಾರು ಅಂತ ಗೂಗಲ್‌ಗೆ ಗೊತ್ತು. ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿರುವ ಯಾರೋ ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ಕೊಟ್ಟರೆ ವಿಪಿಎನ್ ಏನೂ ಮಾಡಲ್ಲ. ಪೊಲೀಸರು ಫೋನನ್ನೇ ಜಪ್ತಿ ಮಾಡಿದರೆ, ಪೆಗಾಸಸ್‌ನಂಥ ಸ್ಪೈವೇರ್ ಫೋನಿನೊಳಗೇ ಕೂತರೆ, ವಿಪಿಎನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪ್ರತಿಭಟನೆಗೆ ಹೋಗುವ ಮುಂಚೆ ವಿಪಿಎನ್ ಆನ್ ಮಾಡಿ ನಿಶ್ಚಿಂತರಾಗುವ ಗೆಳೆಯರಿಗೆ ಇದನ್ನು ಒತ್ತಿ ಹೇಳಬೇಕು. ಸುಳ್ಳು ಧೈರ್ಯ ಇರುವವನು ಭಯ ಇರುವವನಿಗಿಂತ ಬೇಗ ಸಿಕ್ಕಿಬೀಳುತ್ತಾನೆ.

ಬೇಲಿಯೇ ಹೊಲ ಮೇಯ್ದ ಕಥೆಗಳು

ಈಗ ನಂಬಿಕೆಯ ವಿಷಯಕ್ಕೆ ಬರೋಣ. ಫೇಸ್‌ಬುಕ್ 2013ರಲ್ಲಿ ಒನಾವೊ ಎಂಬ ಇಸ್ರೇಲಿ ಕಂಪನಿಯನ್ನು ಕೊಂಡಿತು. ಅದರ 'ಒನಾವೊ ಪ್ರೊಟೆಕ್ಟ್' ಒಂದು ಪುಕ್ಕಟೆ ವಿಪಿಎನ್ ಆ್ಯಪ್. ನಿಮ್ಮ ಡೇಟಾವನ್ನು ಕಾಪಾಡುತ್ತೇವೆ ಎಂಬುದು ಅದರ ಪ್ರಚಾರ. ನಡೆದದ್ದು ಬೇರೆ. ಜನ ಯಾವ ಆ್ಯಪ್‌ಗಳನ್ನು ಎಷ್ಟು ಬಳಸುತ್ತಾರೆ ಎಂಬ ಲೆಕ್ಕ ಅದರ ಮೂಲಕ ಫೇಸ್‌ಬುಕ್‌ಗೆ ಹೋಗುತ್ತಿತ್ತು. ವಾಟ್ಸ್‌ಆ್ಯಪ್ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬುದನ್ನು ಫೇಸ್‌ಬುಕ್ ಅಳೆದದ್ದೂ ಒನಾವೊ ಮಾಹಿತಿಯಿಂದಲೇ. ಬ್ರಿಟನ್ ಸಂಸತ್ತಿನ ಸಮಿತಿ 2018ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ದಾಖಲೆಗಳಿಂದ ಇದು ಬಯಲಾಯಿತು. 2023ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಈ ವಿಷಯದಲ್ಲಿ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟದ್ದಕ್ಕಾಗಿ ಮೆಟಾದ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತಾರಲ್ಲ, ಅದು ಇದೇ.

ಇನ್ನೊಂದು ಹೋಲಾ. ಅದರ ಪುಕ್ಕಟೆ ಬಳಕೆದಾರರ ಇಂಟರ್ನೆಟ್ ಸಂಪರ್ಕವನ್ನೇ ಲುಮಿನಾಟಿ ಎಂಬ ಹೆಸರಿನಲ್ಲಿ ಬೇರೆಯವರಿಗೆ ಮಾರಲಾಗುತ್ತಿದೆ ಎಂಬುದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಅಂದರೆ ಅಪರಿಚಿತನೊಬ್ಬ ಏನೋ ಮಾಡಿದರೆ, ಅದು ನಿಮ್ಮ ಮನೆಯ ವಿಳಾಸದಿಂದ ಹೋದಂತೆ ಕಾಣುತ್ತದೆ.

ಮೂರನೆಯದು 2020ರದ್ದು. ಯುಎಫ್‌ಒ ವಿಪಿಎನ್ ಸೇರಿ ಏಳು ಆ್ಯಪ್‌ಗಳು 'ನಾವು ಯಾವ ಲಾಗ್ ಕೂಡ ಇಡಲ್ಲ' ಅಂತ ಹೇಳಿಕೊಳ್ಳುತ್ತಿದ್ದವು. ಸಂಶೋಧಕರು ನೋಡಿದರೆ, ಪಾಸ್‌ವರ್ಡ್ ಕೂಡ ಇಲ್ಲದ ಒಂದು ಸರ್ವರ್‌ನಲ್ಲಿ ಬಳಕೆದಾರರ ಲಾಗ್‌ಗಳು ಬಿದ್ದಿದ್ದವು. ಇಡಲ್ಲ ಅಂದವರು ಇಟ್ಟಿದ್ದರು, ಇಟ್ಟದ್ದಕ್ಕೆ ಬೀಗ ಕೂಡ ಹಾಕಿರಲಿಲ್ಲ.

ಸರ್ವರ್‌ಗೆ ಬಾಡಿಗೆ ಕಟ್ಟಬೇಕು, ಬ್ಯಾಂಡ್‌ವಿಡ್ತ್‌ಗೆ ದುಡ್ಡು ಕೊಡಬೇಕು. ಆ ದುಡ್ಡು ನಿಮ್ಮಿಂದ ಬರುತ್ತಿಲ್ಲ ಅಂದರೆ ಬೇರೆ ಯಾರಿಂದಲೋ ಬರುತ್ತಿದೆ. ಯಾರಿಂದ ಎಂಬುದನ್ನು ಕಂಪನಿ ಸ್ಪಷ್ಟವಾಗಿ ಹೇಳಿದರೆ ಸರಿ. ಉದಾಹರಣೆಗೆ, ಪ್ರೋಟಾನ್ ವಿಪಿಎನ್ ತನ್ನ ಪುಕ್ಕಟೆ ಸೇವೆಯ ಖರ್ಚನ್ನು ಹಣ ಕಟ್ಟುವ ಗ್ರಾಹಕರೇ ಭರಿಸುತ್ತಾರೆ ಅಂತ ಬಹಿರಂಗವಾಗಿ ಹೇಳುತ್ತದೆ. ಹೇಳದಿದ್ದರೆ, ಮಾರಾಟಕ್ಕಿರುವ ಸರಕು ನೀವೇ.

ವಿಮರ್ಶಕನೂ ವ್ಯಾಪಾರಿಯೂ ಒಬ್ಬನೇ ಆದಾಗ

ಹಂಗಂತ ದುಡ್ಡು ಕೊಟ್ಟ ತಕ್ಷಣ ಎಲ್ಲ ಸರಿಹೋಗಲ್ಲ. ನಮ್ಮಲ್ಲಿ ಬಹಳಷ್ಟು ಜನ 'ಟಾಪ್ 10 ವಿಪಿಎನ್' ಅಂತ ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದದ್ದನ್ನು ನಂಬುತ್ತಾರೆ. ಆ ಪಟ್ಟಿ ಬರೆದವರು ಯಾರು?

ಕೇಪ್ ಟೆಕ್ನಾಲಜೀಸ್ ಎಂಬ ಕಂಪನಿ 2017ರಲ್ಲಿ ಸೈಬರ್‌ಘೋಸ್ಟ್, 2019ರಲ್ಲಿ ಪ್ರೈವೇಟ್ ಇಂಟರ್ನೆಟ್ ಆ್ಯಕ್ಸೆಸ್, 2021ರಲ್ಲಿ 93.6 ಕೋಟಿ ಡಾಲರ್ ಕೊಟ್ಟು ಎಕ್ಸ್‌ಪ್ರೆಸ್‌ವಿಪಿಎನ್ ಕೊಂಡಿತು. ಇದೇ ಕಂಪನಿ ಹಿಂದೆ ಕ್ರಾಸ್‌ರೈಡರ್ ಎಂಬ ಹೆಸರಿನಲ್ಲಿದ್ದಾಗ, ಅದರ ವೇದಿಕೆಯನ್ನು ಜಾಹೀರಾತು ತುರುಕುವ ಆ್ಯಡ್‌ವೇರ್‌ಗಳಿಗೆ ಬಳಸಲಾಗುತ್ತಿತ್ತು. ಅಷ್ಟೇ ಆಗಿದ್ದರೆ, ಕಂಪನಿ ದಾರಿ ಬದಲಿಸಿತು ಅನ್ನಬಹುದಿತ್ತು. ಆದರೆ 2021ರಲ್ಲೇ ಅದು ವಿಪಿಎನ್‌ಮೆಂಟರ್ ಮತ್ತು ವಿಜ್‌ಕೇಸ್ ಎಂಬ ರಿವ್ಯೂ ಸೈಟ್‌ಗಳ ಒಡೆತನದ ಕಂಪನಿಯನ್ನೂ ಕೊಂಡಿತು. ಅಂದರೆ ವಿಪಿಎನ್ ಮಾರುವವರೂ ಅವರೇ, 'ಇದು ಒಳ್ಳೆಯ ವಿಪಿಎನ್' ಅಂತ ರ್‍ಯಾಂಕ್ ಕೊಡುವ ಸೈಟಿನ ಮಾಲೀಕರೂ ಅವರೇ.

ಉಳಿದ ರಿವ್ಯೂ ಸೈಟ್‌ಗಳಲ್ಲಿ, ಯೂಟ್ಯೂಬರ್‌ಗಳ ವಿಡಿಯೋಗಳಲ್ಲಿ ಬಹುಪಾಲು ನಡೆಯುವುದು ಅಫಿಲಿಯೇಟ್ ಕಮಿಷನ್ ಮೇಲೆ. ನೀವು ಲಿಂಕ್ ಒತ್ತಿ ಕೊಂಡರೆ ಅವರಿಗೆ ಪಾಲು. ಅವರು ಹೇಳಿದ್ದೆಲ್ಲ ಸುಳ್ಳು ಅಂತಲ್ಲ. ಆದರೆ ದಲ್ಲಾಳಿಯ ಮಾತನ್ನು ದಲ್ಲಾಳಿಯ ಮಾತು ಅಂತಲೇ ಕೇಳಬೇಕು.

ಪರೀಕ್ಷೆ ನಡೆದ ಮೇಲೆ ಉಳಿಯುವ ಮಾತು

ಹಾಗಾದರೆ ನಂಬೋದಕ್ಕೆ ಆಧಾರ ಏನು? ನನ್ನ ಪ್ರಕಾರ ಒಂದೇ: ಕಂಪನಿಯ ಮಾತು ನಿಜವಾಗಿ ಪರೀಕ್ಷೆಗೆ ಒಳಗಾದಾಗ ಏನಾಯಿತು?

2017ರಲ್ಲಿ ಅಮೆರಿಕದ ಎಫ್‌ಬಿಐ ಒಬ್ಬ ಸೈಬರ್ ಕಿರುಕುಳದ ಆರೋಪಿಯನ್ನು ಬಂಧಿಸಿತು. ಅವನು ಪ್ಯೂರ್‌ವಿಪಿಎನ್ ಬಳಸುತ್ತಿದ್ದ. ಲಾಗ್ ಇಡಲ್ಲ ಎಂದು ಪ್ರಚಾರ ಮಾಡುತ್ತಿದ್ದ ಆ ಕಂಪನಿಯ ದಾಖಲೆಗಳೇ ಅವನನ್ನು ಗುರುತಿಸಲು ನೆರವಾದವು ಎಂಬುದು ಕೋರ್ಟಿಗೆ ಸಲ್ಲಿಸಿದ ಅಫಿಡವಿಟ್‌ನಲ್ಲಿತ್ತು. ಆ ವ್ಯಕ್ತಿ ಸಿಕ್ಕಿಬಿದ್ದದ್ದು ಒಳ್ಳೆಯದೇ ಆಯಿತು. ಆದರೆ ನಾವು ಕಲಿಯಬೇಕಾದ ಪಾಠ ಬೇರೆ: ಜಾಹೀರಾತಿನಲ್ಲಿ ಒಂದು, ಸರ್ವರ್‌ನಲ್ಲಿ ಇನ್ನೊಂದು. ಮುಂದೆ ಆ ಕಂಪನಿ ನೀತಿ ಬದಲಿಸಿ ಹೊರಗಿನವರಿಂದ ಆಡಿಟ್ ಮಾಡಿಸಿಕೊಂಡಿತು.

ಇದಕ್ಕೆ ವಿರುದ್ಧ ಉದಾಹರಣೆಗಳೂ ಇವೆ. ಟರ್ಕಿಯಲ್ಲಿ ರಷ್ಯಾದ ರಾಯಭಾರಿ ಆಂದ್ರೇ ಕಾರ್ಲೋವ್ ಹತ್ಯೆಯ ತನಿಖೆಯಲ್ಲಿ ಅಲ್ಲಿನ ಅಧಿಕಾರಿಗಳು ಎಕ್ಸ್‌ಪ್ರೆಸ್‌ವಿಪಿಎನ್‌ನ ಸರ್ವರನ್ನೇ ಜಪ್ತಿ ಮಾಡಿದರು. ಬಳಕೆದಾರರ ಲಾಗ್ ಸಿಗಲಿಲ್ಲ. 2023ರ ಏಪ್ರಿಲ್ 18ರಂದು ಸ್ವೀಡನ್ ಪೊಲೀಸರು ಸರ್ಚ್ ವಾರಂಟ್ ಹಿಡಿದು ಗೋಥೆನ್‌ಬರ್ಗ್‌ನಲ್ಲಿರುವ ಮುಲ್‌ವಾಡ್ ಕಚೇರಿಗೆ ಬಂದರು. ನೀವು ಕೇಳುವ ಮಾಹಿತಿ ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ಕಂಪನಿ ವಿವರಿಸಿತು. ಪೊಲೀಸರು ಬರಿಗೈಲಿ ಹೋದರು. ಮುಲ್‌ವಾಡ್ ಖಾತೆ ತೆರೆಯಲು ಇಮೇಲ್ ಕೂಡ ಕೇಳಲ್ಲ. ಒಂದು ಸಂಖ್ಯೆ ಕೊಡುತ್ತದೆ, ಅದೇ ನಿಮ್ಮ ಖಾತೆ. ತಿಂಗಳಿಗೆ 5 ಯೂರೋ, ಬೇಕಿದ್ದರೆ ಲಕೋಟೆಯಲ್ಲಿ ನಗದು ಹಾಕಿ ಕಳಿಸಬಹುದು. ಇಟ್ಟುಕೊಳ್ಳದೇ ಇರುವುದನ್ನು ಯಾರೂ ಕಸಿದುಕೊಳ್ಳಲಾಗದು.

ಇಲ್ಲೂ ಎರಡು ಎಚ್ಚರಿಕೆ ಬೇಕು. ಒಂದು, ಪರೀಕ್ಷೆ ಪಾಸಾದ ಕಂಪನಿ ಎಂದೆಂದಿಗೂ ಹಾಗೇ ಇರುತ್ತೆ ಅಂತೇನಿಲ್ಲ. ಟರ್ಕಿಯಲ್ಲಿ ಹೆಸರು ಉಳಿಸಿಕೊಂಡ ಎಕ್ಸ್‌ಪ್ರೆಸ್‌ವಿಪಿಎನ್ ನಾಲ್ಕು ವರ್ಷದಲ್ಲಿ ಕೇಪ್ ಕೈಸೇರಿತು. ಎರಡು, ಯಾವ ಕಂಪನಿಯೂ ತನ್ನ ನೆಲದ ಕಾನೂನಿಗಿಂತ ದೊಡ್ಡದಲ್ಲ. 2021ರಲ್ಲಿ ಪ್ರೋಟಾನ್‌ಮೇಲ್ ಸ್ವಿಸ್ ಅಧಿಕಾರಿಗಳ ಆದೇಶಕ್ಕೆ ತಲೆಬಾಗಿ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು ದಾಖಲಿಸಿ ಕೊಡಬೇಕಾಯಿತು. ಅದು ಇಮೇಲ್ ಸೇವೆ, ವಿಪಿಎನ್‌ಗೆ ಬೇರೆ ನಿಯಮ ಅಂತ ಕಂಪನಿ ಸ್ಪಷ್ಟನೆ ಕೊಟ್ಟಿತು, ಸರಿ. ಆದರೂ ನೆನಪಿರಲಿ, ನಿಮಗಾಗಿ ಜೈಲಿಗೆ ಹೋಗುವ ಕಂಪನಿ ಇಲ್ಲ.

2022ರ ಆದೇಶ: ಸುಳ್ಳುಗಾರರಿಗೆ ಲಾಭ

ಈಗ ನಮ್ಮ ಮನೆಯ ವಿಷಯ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ಐಟಿ ಕಾಯ್ದೆಯ ಸೆಕ್ಷನ್ 70ಬಿ ಅಡಿ ಒಂದು ನಿರ್ದೇಶನ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ಪರಿಶೀಲಿಸಿದ ಹೆಸರು, ವಿಳಾಸ, ಫೋನ್ ನಂಬರ್, ಇಮೇಲ್, ಕೊಟ್ಟ ಐಪಿ ವಿಳಾಸಗಳು, ಎಷ್ಟು ದಿನ ಸೇವೆ ಪಡೆದರು ಎಂಬುದನ್ನೆಲ್ಲ ದಾಖಲಿಸಬೇಕು. ಗ್ರಾಹಕ ಬಿಟ್ಟುಹೋದ ಮೇಲೂ ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು. ಆ ಪಟ್ಟಿಯಲ್ಲಿ ಇನ್ನೊಂದು ಅಂಶವಿದೆ: ಗ್ರಾಹಕ ಯಾವ ಉದ್ದೇಶಕ್ಕೆ ಈ ಸೇವೆ ಪಡೆಯುತ್ತಿದ್ದಾನೆ ಎಂಬುದನ್ನೂ ಬರೆದಿಡಬೇಕು. ನನಗೇಕೆ ಖಾಸಗಿತನ ಬೇಕು ಅಂತ ನಾನು ಅರ್ಜಿ ತುಂಬಬೇಕು ಅಂತಾಯಿತು. ಪಾಲಿಸದಿದ್ದರೆ ಜೈಲು ಅಥವಾ ದಂಡ.

ಸಂಸತ್ತಿನಲ್ಲಿ ಚರ್ಚೆಯಾಗಿ ಬಂದ ಕಾನೂನಲ್ಲ ಇದು. ವಿರೋಧ ಬಂದಾಗ ಅಂದಿನ ಐಟಿ ರಾಜ್ಯ ಸಚಿವ ರಾಜೀವ್ ಚಂದ್ರಶೇಖರ್ ಕೊಟ್ಟ ಉತ್ತರದ ಸಾರ, ನಿಯಮ ಒಪ್ಪದವರು ದೇಶ ಬಿಟ್ಟು ಹೋಗಬಹುದು ಎಂಬುದಾಗಿತ್ತು. ಹೋದರು. 2022ರ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ಕಿತ್ತುಕೊಂಡು ಹೋದವು. ಕೆಲವು ಸಿಂಗಾಪುರದಂಥ ಕಡೆ ಕೂತು ಭಾರತದ ಐಪಿ ವಿಳಾಸ ಕೊಡುವ 'ವರ್ಚುವಲ್' ಸರ್ವರ್‌ಗಳಿಗೆ ಹೋದವು. ಎಸ್‌ಎನ್‌ಟಿ ಹೋಸ್ಟಿಂಗ್ಸ್ ಎಂಬ ದೇಶಿ ಕಂಪನಿಯೊಂದು ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು.

ಈ ಆದೇಶದ ಪರಿಣಾಮವನ್ನು ಯೋಚಿಸಿ ನೋಡಿ. ಲಾಗ್ ಇಡಲ್ಲ ಎಂಬ ಮಾತಿಗೆ ನಿಜಕ್ಕೂ ಬದ್ಧವಾಗಿರುವ ಕಂಪನಿ ಇಲ್ಲಿ ಸರ್ವರ್ ಇಡುವಂತಿಲ್ಲ. ಕಾನೂನು ಪಾಲಿಸುವ ಕಂಪನಿ ಖಾಸಗಿತನ ಕೊಡುವಂತಿಲ್ಲ. ಮಾತಿಗೂ ಬದ್ಧನಲ್ಲದ, ಕಾನೂನಿಗೂ ಸಿಗದ, ಮಾಲೀಕ ಯಾರೆಂದೇ ಗೊತ್ತಿಲ್ಲದ ಪುಕ್ಕಟೆ ಆ್ಯಪ್‌ಗೆ ಮಾತ್ರ ಯಾವ ತೊಂದರೆಯೂ ಇಲ್ಲ. ಅದು ಪ್ಲೇ ಸ್ಟೋರ್‌ನಲ್ಲಿ ಆರಾಮಾಗಿ ಕೂತಿರುತ್ತೆ. ಸುರಕ್ಷತೆ ಹೆಸರಿನಲ್ಲಿ ಬಂದ ಆದೇಶ ನಾಗರಿಕರನ್ನು ಅತ್ಯಂತ ಅಸುರಕ್ಷಿತ ಆಯ್ಕೆಯ ಕಡೆ ತಳ್ಳಿತು.

ಇನ್ನೊಂದು ತಾರತಮ್ಯವೂ ಇದೆ. ಆಮೇಲೆ ಬಂದ ಪ್ರಶ್ನೋತ್ತರದಲ್ಲಿ ಸರ್ಟ್-ಇನ್, ಈ ನಿಯಮ ಕಾರ್ಪೊರೇಟ್ ವಿಪಿಎನ್‌ಗಳಿಗೆ ಅನ್ವಯಿಸಲ್ಲ ಎಂದು ಸ್ಪಷ್ಟಪಡಿಸಿತು. ಬೆಂಗಳೂರಿನ ಟೆಕ್ ಪಾರ್ಕ್‌ಗಳೆಲ್ಲ ನಡೆಯೋದೇ ವಿಪಿಎನ್ ಮೇಲೆ, ಆದ್ದರಿಂದ ವಿನಾಯಿತಿ ಬೇಕಾಗಿತ್ತು, ನಿಜ. ಆದರೆ ಇದರ ಅರ್ಥವೇನು? ವೈಟ್‌ಫೀಲ್ಡ್‌ನ ಕಂಪನಿಗೆ ಗುಟ್ಟು ಇರಬಹುದು, ಕಲಬುರಗಿಯ ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿನಿಗೆ ಇರಬಾರದು.

'ಅಪರಾಧಿಗಳೂ ವಿಪಿಎನ್ ಬಳಸ್ತಾರಲ್ಲ?'

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹುಸಿ ಬಾಂಬ್ ಇಮೇಲ್ ಬಂದು ಶಾಲೆಗಳನ್ನು ಖಾಲಿ ಮಾಡಿಸಿದ ದಿನ ಬೆಂಗಳೂರಿನ ಪೋಷಕರು ಅನುಭವಿಸಿದ ಭಯ ಸಣ್ಣದಲ್ಲ. ಹೆಣ್ಣುಮಕ್ಕಳಿಗೆ ಅನಾಮಧೇಯ ಖಾತೆಗಳಿಂದ ಕಿರುಕುಳ ಕೊಡುವವರನ್ನು ಹಿಡಿಯಲೇಬೇಕು. ಆದರೆ ಒಬ್ಬ ಶಂಕಿತನ ಬಗ್ಗೆ ಆದೇಶ ಪಡೆದು ಮಾಹಿತಿ ಕೇಳೋದು ಬೇರೆ, ಎಲ್ಲರನ್ನೂ ಮೊದಲೇ ಶಂಕಿತರ ಪಟ್ಟಿಗೆ ಸೇರಿಸಿ ಐದು ವರ್ಷ ದಾಖಲೆ ಇಡೋದು ಬೇರೆ. ಅಲ್ಲದೆ ಪಕ್ಕಾ ಅಪರಾಧಿ ಗುರುತಿನ ಚೀಟಿ ಕೊಟ್ಟು ವಿಪಿಎನ್ ಕೊಳ್ಳುವುದಿಲ್ಲ. ದಾಖಲೆಯಲ್ಲಿ ಸಿಗುವವರು ಸಾಮಾನ್ಯರೇ.

ಕೂಡಿಟ್ಟ ಮಾಹಿತಿ ಸೋರುತ್ತದೆ ಎಂಬುದೂ ನಮ್ಮ ಅನುಭವ. 2023ರ ಜೂನ್‌ನಲ್ಲಿ ಕೋವಿಡ್ ಲಸಿಕೆ ಪಡೆದವರ ವೈಯಕ್ತಿಕ ವಿವರಗಳು ಟೆಲಿಗ್ರಾಂ ಬಾಟ್ ಒಂದರಲ್ಲಿ ಸಿಗುತ್ತಿದ್ದುದು ನೆನಪಿದೆಯಲ್ಲ?

ಇತ್ತ ವಿಪಿಎನ್ ಬಳಸುವುದನ್ನೇ ಅನುಮಾನದಿಂದ ನೋಡುವ ರೂಢಿ ಬೆಳೆಯುತ್ತಿದೆ. 2020ರ ಫೆಬ್ರವರಿಯಲ್ಲಿ, ಇಂಟರ್ನೆಟ್ ನಿರ್ಬಂಧದ ನಡುವೆ ವಿಪಿಎನ್ ಮೂಲಕ ಸೋಷಿಯಲ್ ಮೀಡಿಯಾ ಬಳಸಿದವರ ವಿಷಯದಲ್ಲಿ ಕಾಶ್ಮೀರ ಪೊಲೀಸರು ಯುಎಪಿಎ ಅಡಿ ಎಫ್‌ಐಆರ್ ಹಾಕಿದರು. 2021ರಲ್ಲಿ ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ ವಿಪಿಎನ್‌ಗಳನ್ನು ತಡೆಯಲು ಶಿಫಾರಸು ಮಾಡಿತು. 2025ರ ಜನವರಿಯಲ್ಲಿ ಗೃಹ ಸಚಿವಾಲಯದ ಆದೇಶದ ನಂತರ ಕ್ಲೌಡ್‌ಫ್ಲೇರ್‌ನ 1.1.1.1 ಸೇರಿ ಹಲವು ಆ್ಯಪ್‌ಗಳು ಭಾರತದ ಆ್ಯಪ್ ಸ್ಟೋರ್‌ಗಳಿಂದ ಮಾಯವಾದವು. ಅದೇ ವರ್ಷ ಮೇ ತಿಂಗಳಲ್ಲಿ ಜಮ್ಮುವಿನ ದೋಡಾ ಜಿಲ್ಲಾಡಳಿತ ವಿಪಿಎನ್ ಬಳಕೆಯನ್ನೇ ನಿಷೇಧಿಸಿತು. ದೇಶದಾದ್ಯಂತ ವಿಪಿಎನ್ ಬಳಸುವುದು ಅಪರಾಧವಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಆದರೆ ಎಲ್ಲಿ ಜನರಿಗೆ ಅದರ ಅಗತ್ಯ ಹೆಚ್ಚೋ ಅಲ್ಲೇ ಅದರ ಮೇಲೆ ಕಣ್ಣು ಹೆಚ್ಚು.

ಹಾಗಾದರೆ ಏನು ನೋಡಬೇಕು?

ಹೆಸರು ಕೇಳಿದವರಿಗೆ ನಾನು ಈ ಐದು ಪ್ರಶ್ನೆ ಕೊಡುತ್ತೇನೆ.

1. ಮಾಲೀಕರು ಯಾರು, ಯಾವ ದೇಶದಲ್ಲಿ ನೋಂದಣಿಯಾಗಿದೆ, ನಡೆಸುವವರ ಹೆಸರು ಬಹಿರಂಗವಾಗಿದೆಯೇ? ಬರೀ ಒಂದು ಜಿಮೇಲ್ ವಿಳಾಸ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ.

2. ದುಡ್ಡು ಎಲ್ಲಿಂದ ಬರುತ್ತದೆ? ಚಂದಾದಾರರಿಂದಲೋ, ಜಾಹೀರಾತಿನಿಂದಲೋ?

3. ಖಾತೆ ತೆರೆಯುವಾಗ ಏನೇನು ಕೇಳುತ್ತಾರೆ? ಕೇಳುವುದು ಕಡಿಮೆಯಾದಷ್ಟೂ ಕಳೆದುಕೊಳ್ಳುವುದು ಕಡಿಮೆ. ಕಾಂಟ್ಯಾಕ್ಟ್ಸ್, ಎಸ್‌ಎಂಎಸ್ ಅನುಮತಿ ಕೇಳುವ ವಿಪಿಎನ್ ಆ್ಯಪ್ ಫೋನಿನಲ್ಲಿ ಇರಬಾರದು.

4. ಲಾಗ್ ಇಡಲ್ಲ ಎಂಬ ಮಾತು ಕೋರ್ಟಿನಲ್ಲೋ, ಜಪ್ತಿಯಲ್ಲೋ, ಸ್ವತಂತ್ರ ಆಡಿಟ್‌ನಲ್ಲೋ ಪರೀಕ್ಷೆಯಾಗಿದೆಯೇ? ಆಡಿಟ್ ವರದಿ ಪೂರ್ತಿ ಓದಲು ಸಿಗುತ್ತದೆಯೇ? ಆಡಿಟ್ ಅಂದರೆ ಆ ದಿನದ ಫೋಟೋ ಅಷ್ಟೇ, ಆದ್ದರಿಂದ ಮತ್ತೆ ಮತ್ತೆ ಮಾಡಿಸುವವರಿಗೆ ಹೆಚ್ಚು ಅಂಕ. ಆ್ಯಪ್‌ನ ಕೋಡ್ ಓಪನ್ ಸೋರ್ಸ್ ಆಗಿದ್ದರೆ ಇನ್ನೂ ಒಳ್ಳೇದು.

5. ತನ್ನ ಮಿತಿಯ ಬಗ್ಗೆ ಕಂಪನಿ ನಿಜ ಹೇಳುತ್ತದೆಯೇ? 'ನೂರಕ್ಕೆ ನೂರು ಅನಾಮಧೇಯ' ಅನ್ನುವವರನ್ನು ನಂಬಬೇಡಿ. ಭಾರತದಲ್ಲಿ ಸರ್ವರ್ ಇದೆ ಅಂತ ಹೇಳಿದರೆ, ಅದು ನಿಜವಾಗಿ ಎಲ್ಲಿದೆ, 2022ರ ನಿರ್ದೇಶನವನ್ನು ಹೇಗೆ ಪಾಲಿಸುತ್ತೀರಿ ಎಂದು ಕೇಳಿ.

ಇದಕ್ಕೂ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಯಾರಿಂದ ಏನನ್ನು ಮುಚ್ಚಿಡಬೇಕು? ಬಸ್ ಸ್ಟ್ಯಾಂಡಿನ ವೈಫೈ, ಪಿಜಿ ಮಾಲೀಕನ ರೂಟರ್, ಇಂಟರ್ನೆಟ್ ಕಂಪನಿಯ ಕುತೂಹಲ, ಇಷ್ಟೇ ಆದರೆ ಒಳ್ಳೆಯ ವಿಪಿಎನ್ ಸಾಕು. ಸುದ್ದಿಮೂಲವನ್ನು ಕಾಪಾಡಬೇಕಾದ ಪತ್ರಕರ್ತೆಗೆ, ಪ್ರಭುತ್ವದ ಕಣ್ಣು ಬಿದ್ದಿರುವ ಹೋರಾಟಗಾರನಿಗೆ ಅದು ಸಾಲದು. ಅವರು ಟಾರ್ ಬಗ್ಗೆ ತಿಳಿಯಬೇಕು. ಅಲ್ಲಿ ಸಂಪರ್ಕ ಮೂರು ಬೇರೆ ಬೇರೆ ಕಂಪ್ಯೂಟರ್‌ಗಳ ಮೂಲಕ ಹೋಗುವುದರಿಂದ ಅವುಗಳಲ್ಲಿ ಯಾವ ಒಂದಕ್ಕೂ ಪೂರ್ತಿ ಚಿತ್ರ ಸಿಗಲ್ಲ. ನಿಧಾನ, ಆದರೆ ಒಬ್ಬನೇ ಮಾಲೀಕನನ್ನು ನಂಬಬೇಕಾಗಿಲ್ಲ.

ಚಂದಾ ಕಟ್ಟಿ ಕೊಳ್ಳುವ ಹಕ್ಕೇ?

ಈ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಖಾಸಗಿತನಕ್ಕೆ ಪ್ರಭುತ್ವ ಕೈಹಾಕಬೇಕಾದರೆ ಕಾನೂನಿನ ಬಲ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಅಗತ್ಯಕ್ಕಿಂತ ಹೆಚ್ಚು ಕೈಚಾಚಬಾರದು ಎಂಬ ಅಳತೆಗೋಲನ್ನು ಆ ತೀರ್ಪು ಕೊಟ್ಟಿತು. ಎಲ್ಲ ಗ್ರಾಹಕರ ದಾಖಲೆಯನ್ನು ಐದು ವರ್ಷ ಇಡಿ ಎಂಬ ಆದೇಶ ಆ ಮೂರನೇ ಅಳತೆಯಲ್ಲಿ ಹೇಗೆ ಪಾಸಾಗುತ್ತದೆ? ನನಗಂತೂ ಅರ್ಥವಾಗಿಲ್ಲ. 2023ರ ಡೇಟಾ ಸಂರಕ್ಷಣಾ ಕಾಯ್ದೆ ನೆರವಿಗೆ ಬರುತ್ತೆ ಅಂದುಕೊಂಡರೆ, ಸರ್ಕಾರ ತನಗೆ ಬೇಕಾದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಅದರಲ್ಲೇ ಇಟ್ಟುಕೊಂಡಿದೆ.

ಒಳ್ಳೆಯ ವಿಪಿಎನ್‌ಗೆ ತಿಂಗಳಿಗೆ ನಾಲ್ಕೈದು ನೂರು ರೂಪಾಯಿ ಬೇಕು. ಇಂಗ್ಲಿಷ್‌ನಲ್ಲಿ ಆಡಿಟ್ ವರದಿ ಓದುವ ಪುರುಸೊತ್ತೂ ಬೇಕು. ಅವೆರಡೂ ಇರುವವರಿಗೆ ಖಾಸಗಿತನ ಸಿಗುತ್ತದೆ, ಉಳಿದವರಿಗೆ ಪುಕ್ಕಟೆ ಆ್ಯಪ್ ಸಿಗುತ್ತದೆ ಅಂದರೆ ಅದು ಹಕ್ಕು ಅಲ್ಲ, ಸವಲತ್ತು. ಹಾಗಾಗಿ ಮೇಲಿನ ಐದು ಪ್ರಶ್ನೆಗಳನ್ನು ಕಂಪನಿಗಳಿಗೆ ಕೇಳಿ. ಆರನೆಯದನ್ನು ನಿಮ್ಮ ಕ್ಷೇತ್ರದ ಸಂಸದರಿಗೆ ಕೇಳಿ: 2022ರ ಆ ನಿರ್ದೇಶನದ ಬಗ್ಗೆ ನಿಮ್ಮ ನಿಲುವೇನು? ಉತ್ತರ ಬರಲಿ, ಬರದಿರಲಿ, ಕೇಳಿದವರು ಎಷ್ಟು ಮಂದಿ ಎಂಬುದು ದಾಖಲಾಗುತ್ತದೆ. ಈ ಒಂದು ಲಾಗ್ ಉಳಿಯುವುದು ಒಳ್ಳೆಯದು.